ಹುಳದ ಮನೆ ತೊಳೆಯುವ ನೀರು

ಸೆಪ್ಟೆಂಬರ್ 22, ಸೋಮವಾರ. ಬೆಳಿಗ್ಗೆ

ಉಗುರುಬೆಚ್ಚಗಿನ ನೀರಿನಲ್ಲೇ ಬಾಯಿ ಮುಕ್ಕಳಿಸಿದೆ. ಆದರೂ ಜುಂ. ಮೇಲಿನ ಎರಡು ಮುಂದಿನ ಹಲ್ಲಿನಿಂದ ಕಣ್ಣಿನ ತನಕ ಒಂದು ಚಳುಕು. ಐಸ್‌ಕ್ರೀಂ, ನೆಲ್ಲಿಕಾಯಿ, ಮಜ್ಜಿಗೆ ಎಲ್ಲ ಬಿಟ್ಟು ಎಷ್ಟೋ ಕಾಲವಾಯಿತು. ಇನ್ನು ನೀರನ್ನೂ ಬಿಡಬೇಕೇನೋ.

ಅತ್ತೆ ಹುಳದ ಮನೆ ಬಾಗಿಲಿಗೆ ಅಡ್ಡ ನಿಂತಿದ್ದರು. "ಪೇಸ್ಟ್ ವಾಸ್ನೆ ಇಟ್ಕೊಂಡು ಒಳಕ್ಕೆ ಬರಬೇಡ ಕಣಮ್ಮ ಮಾಲಾ. ಹುಳ ನಾಲ್ಕನೇ ಜ್ವರದಲ್ಲವೆ." ರೇಷ್ಮೆಹುಳು ಪೊರೆ ಬಿಡುವ ಹೊತ್ತಿಗೆ ಜ್ವರ ಎನ್ನುತ್ತಾರೆ. ಹುಳಕ್ಕೆ ಜ್ವರ ಬಂದರೆ ಈ ಮನೆಯಲ್ಲಿ ಅಗರಬತ್ತಿ ಇಲ್ಲ, ಒಗ್ಗರಣೆ ಇಲ್ಲ, ನನ್ನ ಗಂಡ ಮುರಳಿ ಬೀಡಿ ಸೇದಲು ರಸ್ತೆಯ ತನಕ ಹೋಗಬೇಕು. ನನಗೆ ಜ್ವರ ಬಂದಾಗ ಹಬ್ಬದ ಅಡುಗೆಯನ್ನೇ ಮಾಡಿಸಿದ್ದರು. ನಾಜೂಕು ಅನಿಸಿಕೊಳ್ಳಬೇಕಾದರೆ ಹುಳುವಾಗಿ ಹುಟ್ಟಬೇಕು.

ಅದೇ ದಿನ, ಸಂಜೆ. ಬಸ್ಸಿನಲ್ಲಿ

ನಮ್ಮ ರೆಸಾರ್ಟಿನ ಮ್ಯಾನೇಜರ್ ನರೇಂದ್ರ ಸರ್ ಕ್ಯಾಬಿನ್‌ಗೆ ಕರೆದರು. ಯಾವ ರೂಮಿನ ಟವೆಲ್ ಕಾಣೆಯಾಯಿತೋ ಎಂದುಕೊಂಡೇ ಹೋದೆ. ಅದಲ್ಲ. ಫ್ರಂಟ್ ಆಫೀಸಿನ ಹುಡುಗಿ ಮದುವೆಯಾಗಿ ಹೋಗುತ್ತಿದ್ದಾಳೆ. ನವೆಂಬರ್ ಒಂದರಿಂದ ಆ ಕುರ್ಚಿ ನನಗೆ!

"ಇಂಗ್ಲಿಷ್ ಪರವಾಗಿಲ್ಲ, ಹಿಂದಿ ಪರವಾಗಿಲ್ಲ, ತೆಲುಗು ಅಂತೂ ಸೂಪರ್," ಎಂದರು. ಆಮೇಲೆ ತಮ್ಮ ಬಾಯಿಯ ಮುಂದೆ ಬೆರಳು ಆಡಿಸಿದರು. "ಇದೊಂದು ಸರಿ ಮಾಡ್ಕೊ ಮಾಲಾ. ಬೆಟ್ಟ ಹತ್ತಿ ಸುಸ್ತಾಗಿ ಬರೋ ಗೆಸ್ಟು ಮೊದ್ಲು ನೋಡೋದೇ ನಗು. ಬಾಯಿ ಮುಚ್ಕೊಂಡು ನಗೋರ್ನ ಡೆಸ್ಕಲ್ಲಿ ಕೂರ್ಸಕ್ಕಾಗಲ್ಲ. ಒಂದನೇ ತಾರೀಕು ನೋಡ್ತೀನಿ."

ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ನಾಚಿಕೆ. ಹಲ್ಲಿನ ಈ ಕಂದು ಬಣ್ಣ ನಾನು ತಿಂದು ಮಾಡಿಕೊಂಡದ್ದಲ್ಲ. ಗೌರಿಬಿದನೂರು ಕಡೆಯ ನಮ್ಮ ತವರಿನ ಬೋರ್ ನೀರು ಕೊಟ್ಟದ್ದು. ನಮ್ಮ ಸ್ಕೂಲ್ ಗ್ರೂಪ್ ಫೋಟೋದಲ್ಲಿ ಒಬ್ಬರ ಹಲ್ಲೂ ಕಾಣುವುದಿಲ್ಲ. ಮೇಷ್ಟರದು ಕೂಡ.

ತನುಜಗೆ ಮಾತ್ರ ಹೇಳಿದೆ. ನನ್ನ ಜೊತೆ ಬೆಡ್‌ಶೀಟ್ ಬದಲಿಸುವ ಹುಡುಗಿ, ಮಂಚೇನಹಳ್ಳಿಯವಳು. ಅವಳದೂ ಅದೇ ಹಲ್ಲು, ನಗುವಾಗ ಟವೆಲ್ ಅಡ್ಡ ಹಿಡಿಯುತ್ತಾಳೆ. "ನೀನು ಮೊದ್ಲು ಹೋಗಕ್ಕ. ಆಮೇಲೆ ನನ್ನನ್ನೂ ಎಳ್ಕೊ," ಎಂದಳು.

ಬಿ.ಕಾಂ ಮಾಡಿ ಕಮೋಡ್ ತಿಕ್ಕಿದ್ದು ಸಾಕು. ಈ ಕುರ್ಚಿ ನನಗೆ ಬೇಕು. ಬೇಕೇ ಬೇಕು.

ಸೆಪ್ಟೆಂಬರ್ 27, ಶನಿವಾರ

ಚಿಕ್ಕಬಳ್ಳಾಪುರದಲ್ಲಿ ಡಾ. ಶರ್ವಾಣಿ ಅವರ ಕ್ಲಿನಿಕ್. ನನ್ನ ವಯಸ್ಸಿನವರೇ. ಕನ್ನಡಿ, ಲೈಟು ಹಿಡಿದು ಬಹಳ ಹೊತ್ತು ನೋಡಿದರು. ಒಂದು ಸಲ ಗಾಳಿ ಊದಿದರು. ಕುರ್ಚಿಯಿಂದ ಹಾರಿದೆ.

"ಬಣ್ಣ ಹಲ್ಲಿನ ಮೇಲಿಲ್ಲ, ಒಳಗೇ ಇದೆ. ನೀರಿನ ಫ್ಲೋರೈಡು. ಮೇಲಿನ ಪದರ ಮೊದಲೇ ವೀಕು, ಸಣ್ಣ ಬಿರುಕುಗಳೂ ಇವೆ," ಎಂದರು.

ದಾರಿಗಳನ್ನು ಹೇಳಿದರು. ಲೈಟ್ ಬಿಟ್ಟು ಒಂದೇ ದಿನಕ್ಕೆ ಬಿಳಿ ಮಾಡುವುದು ನನಗೆ ಬೇಡವೇ ಬೇಡವಂತೆ. ಮೊದಲು ಜುಂ ಕಮ್ಮಿಯಾಗುವ ಪೇಸ್ಟ್, ಒಂದು ತಿಂಗಳು. ಆಮೇಲೆ ಬಾಯಿಯ ಅಳತೆ ತೆಗೆದು ಟ್ರೇ ಮಾಡಿ, ಅದರಲ್ಲಿ ತೆಳು ಜೆಲ್, ದಿನ ಬಿಟ್ಟು ದಿನ. ನೋವಾದರೆ ನಿಲ್ಲಿಸಬೇಕು. ಹಾಲಿನ ಬಿಳುಪು ಬರುವುದಿಲ್ಲ, ಕಂದು ಮಸುಕಾಗುತ್ತದೆ, ಅಷ್ಟೇ.

"ನವೆಂಬರ್ ಒಂದಕ್ಕೆ ಆಗಲ್ವಾ ಡಾಕ್ಟರ್?"

"ನವೆಂಬರ್ ಒಂದಕ್ಕೆ ನೀವು ತಣ್ಣೀರು ಕುಡಿಯೋ ಹಾಗೆ ಮಾಡ್ತೀನಿ. ಬಿಳುಪು ಸಂಕ್ರಾಂತಿಗೆ ನೋಡಣ."

ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಕೊಡುತ್ತಾರಂತೆ. ಅಷ್ಟರಲ್ಲಿ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಪೇಸ್ಟ್ ಮಾತ್ರ ತಗೊಂಡು ಬಂದೆ. ಟ್ರೇ ಅಳತೆಗೆ ಮುಂದಿನ ವಾರ ಬರುತ್ತೇನೆ ಎಂದೆ. ಹೋಗುವುದಿಲ್ಲ ಎಂದು ಹೇಳುವಾಗಲೇ ಗೊತ್ತಿತ್ತು.

ಅಕ್ಟೋಬರ್ 2, ಗುರುವಾರ. ವಿಜಯದಶಮಿ

ಆನ್‌ಲೈನಿನಲ್ಲಿ ತರಿಸಿದ ಸ್ಟ್ರಿಪ್ ಅಂಟಿಸಿಕೊಂಡೆ. ಒಸಡು ಸುಟ್ಟು ಬೆಳ್ಳಗಾಯಿತು, ಹಲ್ಲು ಹಾಗೇ ಇದೆ. ಬಿಳಿ ಆಗಬೇಕಾದ್ದು ಯಾವುದು ಎಂದು ಸ್ಟ್ರಿಪ್‌ಗೂ ಗೊತ್ತಿಲ್ಲ. ಮೂರನೆಯದು ಹಾಕುವಷ್ಟರಲ್ಲಿ ಕಣ್ಣಲ್ಲಿ ನೀರು. ಎಸೆದೆ.

ಇದ್ದಿಲ ಪುಡಿಯ ಡಬ್ಬಿಯೂ ಬಂದಿತ್ತು. ಉಜ್ಜಿದರೆ ಮರಳು ಕಾಗದದಲ್ಲಿ ತಿಕ್ಕಿದ ಹಾಗೆ. ಅತ್ತೆ ಬಚ್ಚಲಿಗೆ ಇಣುಕಿ ಕರಿ ಬಾಯಿ ನೋಡಿ ಹೆದರಿದರು. "ಏಮ್ಮಾ ಇದಿ! ನಮ್ಮ ತಾತ ಇದ್ದಿಲಲ್ಲೇ ಉಜ್ತಿದ್ರು. ನಲವತ್ತಕ್ಕೆಲ್ಲ ಬೊಚ್ಚುಬಾಯಿ. ಆಮೇಲೆ ಸಾಯೋಗಂಟ ಗಂಜಿ."

ಹುಳು ಎಲ್ಲ ಹಣ್ಣಾಗಿವೆ. ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಏರಿಸುವ ಕೆಲಸದಲ್ಲಿ ಯಾರಿಗೂ ನನ್ನ ಬಾಯಿ ನೋಡಲು ಪುರುಸೊತ್ತಿಲ್ಲ. ಒಳ್ಳೆಯದೇ ಆಯಿತು.

ಅಕ್ಟೋಬರ್ 5, ಭಾನುವಾರ. ಚಿಂತಾಮಣಿಯಿಂದ ಬರುವಾಗ

ರೀಲ್ಸ್‌ನಲ್ಲಿ ಸಿಕ್ಕಿದ ಜಾಗ. ಫ್ಯಾನ್ಸಿ ಸ್ಟೋರ್ ಮೇಲೆ ಒಂದು ರೂಮು. ಕಂದು ಹಲ್ಲಿನವನು ಮೆಟ್ಟಿಲು ಹತ್ತುತ್ತಾನೆ, ಹಾಡು ಮುಗಿಯುವಷ್ಟರಲ್ಲಿ ಮುತ್ತಿನ ಹಲ್ಲಿನವನಾಗಿ ಇಳಿಯುತ್ತಾನೆ. ನಡೆಸುವವನು ವಂಶಿ. ಬಿಳಿ ಕೋಟು. ಗೋಡೆಗೆ ಚಿನ್ನದ ಅಂಚಿನ ಸರ್ಟಿಫಿಕೇಟ್, ಹತ್ತಿರ ಹೋಗಿ ಓದಿದರೆ ಯಾವುದೋ ಬ್ಯೂಟಿ ಕೋರ್ಸಿನದು.

"ನೀವು ಡಾಕ್ಟ್ರಾ?" ಎಂದು ಕೇಳಿದೆ. ನನ್ನ ಬಾಯಿಗೆ ಬ್ರೇಕ್ ಇಲ್ಲ.

"ಡಾಕ್ಟ್ರು ಹೆದರ್ಸಿ ತಿಂಗಳುಗಟ್ಲೆ ಎಳೀತಾರಕ್ಕ. ನಾನು ಸ್ಮೈಲ್ ಎಕ್ಸ್‌ಪರ್ಟು."

"ನನ್ನ ಹಲ್ಲು ಜುಂ ಅನ್ನುತ್ತೆ."

"ನಮ್ದು ಸೆನ್ಸಿಟಿವ್‌ಗೇ ಸ್ಪೆಷಲ್. ಫಾರಿನ್ ಫಾರ್ಮುಲಾ. ಮೂರು ಸಿಟಿಂಗು, ಅಷ್ಟೇ."

ಎದ್ದು ಬರುವವಳಿದ್ದೆ. ಅಷ್ಟರಲ್ಲಿ ಪರದೆಯ ಹಿಂದೆ ಏನೋ ಕಲಸಿಕೊಂಡು ತಂದ. ವಾಸನೆ ಬಂತು. ಹುಳದ ಮನೆ ತೊಳೆದ ದಿನ ನಮ್ಮ ಮನೆಯಿಡೀ ಇರುವ ವಾಸನೆ, ಅದೇ. ಆ ವಾಸನೆ ಬಂತೆಂದರೆ ಹಳೆ ಬೆಳೆಯ ರೋಗ ಹೋಯಿತು, ಹೊಸ ಬೆಳೆಗೆ ಮನೆ ಸಿದ್ಧ ಎಂದು ಅರ್ಥ. ಅತ್ತೆ ಕೂಡ ಆ ದಿನ ನಗುತ್ತಾರೆ. ಯಾಕೋ ಹೆದರಿಕೆ ಇಳಿಯಿತು. ಮಲಗಿ ಬಾಯಿ ತೆರೆದೆ.

ನೀಲಿ ಲೈಟು. ಹಲ್ಲಿಗೆ ಸೂಜಿ ಚುಚ್ಚಿದ ಹಾಗೆ. ಆದರೆ ಕನ್ನಡಿಯಲ್ಲಿ — ಕಂದು ಗೆರೆ ಅರ್ಧಕ್ಕರ್ಧ ಇಲ್ಲ! ನಿಜವಾಗಿಯೂ ಇಲ್ಲ.

ಅಕ್ಟೋಬರ್ 7

ಗಾಳಿ ತಾಗಿದರೂ ನೋವು. ಬಸ್ಸಿನಲ್ಲಿ ದುಪಟ್ಟಾ ಕಟ್ಟಿಕೊಂಡು ಕೂತೆ. ಕಂಡಕ್ಟರ್ "ಎಲ್ಲಿಗೆ" ಎಂದರೆ ಬೆರಳು ತೋರಿಸಿದೆ.

ಡಾ. ಶರ್ವಾಣಿ ಕ್ಲಿನಿಕ್‌ನಿಂದ ಫೋನ್, ಟ್ರೇ ಅಳತೆಗೆ ಯಾವಾಗ ಬರುತ್ತೀರ ಎಂದು. ಊರಲ್ಲಿಲ್ಲ ಎಂದೆ.

ಅಕ್ಟೋಬರ್ 12, ಭಾನುವಾರ

ಎರಡನೇ ಸಿಟಿಂಗ್. ಇವತ್ತು ಪರದೆ ಸರಿಯಾಗಿ ಎಳೆದಿರಲಿಲ್ಲ. ವಂಶಿ ನೀಲಿ ಕ್ಯಾನಿನಿಂದ ಪ್ಲಾಸ್ಟಿಕ್ ಲೋಟಕ್ಕೆ ನೀರಿನಂಥದ್ದು ಸುರಿದ. ಒಂದು ಪೊಟ್ಟಣ ಒಡೆದು ಬಿಳಿ ಪುಡಿ ಹಾಕಿದ. ನೋಡುತ್ತಿದ್ದ ಹಾಗೆ ಹಳದಿ ತಿರುಗಿತು.

ನಗು ತಡೆಯಲಾಗಲಿಲ್ಲ. ವಾಸನೆ ಒಂದೇ ಅಲ್ಲ, ವಸ್ತುವೇ ಅದು! ಕ್ಯಾನಿನ ಚೀಟಿ ಕಿತ್ತಿದ್ದಾನೆ, ಆದರೆ ಆ ಕ್ಯಾನನ್ನು ಮದುವೆಯಾಗಿ ಬಂದಾಗಿನಿಂದ ಹೊತ್ತಿದ್ದೇನೆ, ನನಗೆ ಚೀಟಿ ಬೇಕೇ? ಫಾರಿನ್ ಫಾರ್ಮುಲಾ ಅಂತೆ. ಶಿಡ್ಲಘಟ್ಟದಲ್ಲಿ ರೇಷ್ಮೆ ಸಾಮಾನಿನ ಅಂಗಡಿಗೆ ಹೋದರೆ ಯಾರು ಬೇಕಾದರೂ ತರಬಹುದಾದ ಫಾರಿನ್.

ಒಂದು ಗಳಿಗೆ ಭಯವಾದದ್ದು ನಿಜ. ಮನೆ ತೊಳೆಯುವುದನ್ನು ಬಾಯಿಗೆ ಹಾಕುತ್ತಿದ್ದಾನಲ್ಲ ಎಂದು. ಆಮೇಲೆ ಯೋಚಿಸಿದೆ. ಹುಳು ಎಂಥದ್ದು? ನನ್ನ ಪೇಸ್ಟಿನ ವಾಸನೆಗೆ ಸೊಪ್ಪು ತಿನ್ನುವುದನ್ನೇ ಬಿಡುವಂಥದ್ದು. ಅಷ್ಟು ನಾಜೂಕಿನ ಜೀವ ಇದೇ ನೀರು ಹೊಡೆದ ಮನೆಯಲ್ಲಿ, ಇದೇ ನೀರಲ್ಲಿ ತೊಳೆದ ತಟ್ಟೆಯ ಮೇಲೆ ಮಲಗಿ, ತಿಂದು, ದಪ್ಪಗಾಗಿ ಗೂಡು ಕಟ್ಟುತ್ತದೆ. ಅದಕ್ಕಾಗದ್ದು ನನ್ನ ಹಲ್ಲಿಗೆ ಏನಾಗುತ್ತದೆ? ಕಲ್ಲಿನಂಥ ಹಲ್ಲಿಗೆ?

ಹೀಗೆ ತರ್ಕ ಮಾಡಲು ಡಾಕ್ಟರಿಗೆ ಬರುವುದಿಲ್ಲ. ಹುಳ ಸಾಕಿದವರಿಗೆ ಬರುತ್ತದೆ.

ಅಕ್ಟೋಬರ್ 16, ಗುರುವಾರ. ರಜ

ಗೂಡು ಮಾರ್ಕೆಟ್ಟಿಗೆ ಹೋಗಿ ಆಯಿತು. ಒಳ್ಳೇ ಬೆಳೆ. ಇವತ್ತು ಹುಳದ ಮನೆ ತೊಳೆದೆವು.

ಮುರಳಿ ಮೂಗಿಗೆ ಬಟ್ಟೆ, ಕೈಗೆ ರಬ್ಬರ್ ಗ್ಲೌಸ್, ಬೆನ್ನಿಗೆ ಸ್ಪ್ರೇಯರ್. ನಾನು ಹಳೆ ಕಬ್ಬಿಣದ ಬಕೆಟ್ ತಂದರೆ ಅತ್ತೆ ಕಿತ್ತುಕೊಂಡರು. "ಇದರಾಗೆ ಕಲಸಬೇಡ. ತಿಂದಾಕ್ತದೆ. ಪ್ಲಾಸ್ಟಿಕ್ಕು ತಗೊಂಬಾ." ಗೋಡೆ, ಸ್ಟ್ಯಾಂಡು, ತಟ್ಟೆ ಎಲ್ಲ ತೊಯ್ದು ತೊಪ್ಪೆ. ಆಮೇಲೆ ಬಾಗಿಲು ಮುಚ್ಚಿ ಬೀಗ. ನಾಳೆ ನಾಡಿದ್ದು ಎಲ್ಲ ಕಿಟಕಿ ತೆಗೆದು ಹಾಗೇ ಬಿಡುತ್ತಾರೆ. ಒಣಗಲಿ ಎಂದು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮ ಹಿತ್ತಲಲ್ಲೇ ಕ್ಯಾನು ಕ್ಯಾನು ಇದ್ದರೂ ಚಿಂತಾಮಣಿ ಬಸ್ಸು ಹತ್ತುತ್ತಿದ್ದ ನನಗೆ ಏನನ್ನಬೇಕು? ಮೂರನೇ ಸಿಟಿಂಗಿಗೆ ಹೋಗುವುದಿಲ್ಲ. ಖಾಲಿ ಕೆಮ್ಮಿನ ಔಷಧಿ ಬಾಟಲಿಗೆ ತುಂಬಿಸಿಕೊಂಡೆ. ಪುಡಿ ಪೊಟ್ಟಣ ಬೇರೆ. ಅತ್ತೆ ಆ ಕಡೆ ತಿರುಗಿದ್ದರು.

ಅಕ್ಟೋಬರ್ 17, ಶುಕ್ರವಾರ. ಮಧ್ಯಾಹ್ನ

ಮಾಡಿದೆ. ಹತ್ತಿಯಲ್ಲಿ ಅದ್ದಿ ಮೇಲಿನ ಹಲ್ಲಿನ ಮೇಲೆ ಒತ್ತಿ ಹಿಡಿದೆ. ನೀಲಿ ಲೈಟು ಬರೀ ಷೋಕಿಗೆ, ಬೇಕಿಲ್ಲ. ಕಾಲ ಬೆರಳು ಮಡಿಸಿಕೊಂಡು ಕೂತಿದ್ದೆ. ನೆತ್ತಿಯ ತನಕ ಏರುತ್ತದೆ ಆ ನೋವು. ತುಟಿಯ ಒಳಗೆ ಸುಲಿದಿದೆ.

ಆದರೆ ಬಿಳುಪು! ಬಸವನಹುಳದ ಚಿಪ್ಪಿನ ಬಿಳುಪು.

ಅಕ್ಟೋಬರ್ 19

ಮತ್ತೆ. ಇನ್ನೊಂಚೂರು ಕಂದು ಅಂಚಿನಲ್ಲಿ ಉಳಿದಿದೆ.

ಅಕ್ಟೋಬರ್ 20, ಸೋಮವಾರ. ದೀಪಾವಳಿ

ಕಜ್ಜಾಯದ ವಾಸನೆ ಮನೆ ತುಂಬ. ಕಚ್ಚಲಾಗಲಿಲ್ಲ. ಹಾಲಿನಲ್ಲಿ ನೆನೆಸಿ ನುಂಗಿದೆ, ಹಾಲೂ ಉರಿಯಿತು. ಹಲ್ಲಿದ್ದವರಿಗೆ ಕಡಲೆ ಇಲ್ಲ ಎನ್ನುವುದು ಇದಕ್ಕೇ ಇರಬೇಕು. ಮುರಳಿ ತನ್ನ ಅಮ್ಮನಿಗೆ, "ನಿನ್ನ ಸೊಸೆ ಬೆಳಿಗ್ಗೆಯಿಂದ ಬಾಯಿ ಬಿಟ್ಟಿಲ್ಲ. ಹಬ್ಬ ಅಂದ್ರೆ ಇದು," ಎಂದು ತಮಾಷೆ ಮಾಡಿದ. ಎದ್ದು ಹೋಗಿ ಬಚ್ಚಲಲ್ಲಿ ಅತ್ತುಬಿಟ್ಟೆ. ಸದ್ದು ಬರದ ಹಾಗೆ ಅಳುವುದಕ್ಕೂ ಬಾಯಿ ಮುಚ್ಚಬೇಕು, ಮುಚ್ಚಿದರೆ ಹಲ್ಲಿಗೆ ಹಲ್ಲು ತಾಗುತ್ತದೆ.

ಪಟಾಕಿ ಸದ್ದಿಗೂ ಹಲ್ಲು ನೋಯುತ್ತದೆ ಎಂದರೆ ಯಾರಾದರೂ ನಂಬುತ್ತಾರೆಯೇ?

ಅಕ್ಟೋಬರ್ 23

ಮಾತ್ರೆ. ಮತ್ತೆ ಮಾತ್ರೆ. ಬರೆಯಲು ಆಗುತ್ತಿಲ್ಲ.

ಅಕ್ಟೋಬರ್ 28, ಮಂಗಳವಾರ

ನೋವಿಲ್ಲ!!

ಬೆಳಿಗ್ಗೆ ಎದ್ದವಳು ಮರೆತು ತಣ್ಣೀರನ್ನೇ ಬಾಯಿಗೆ ಹಾಕಿಕೊಂಡೆ. ಹಾಕಿಕೊಂಡ ಮೇಲೆ ನೆನಪಾಯಿತು. ಕಣ್ಣು ಮುಚ್ಚಿ ಕಾದೆ. ಏನೂ ಇಲ್ಲ. ಇನ್ನೊಂದು ಗುಟುಕು. ಏನೂ ಇಲ್ಲ.

ರೆಸಾರ್ಟಿನ ಬಾರಿನಿಂದ ಐಸ್ ತುಂಡು ಕೇಳಿ ತಂದು ಮುಂದಿನ ಹಲ್ಲಿಗೆ ಇಟ್ಟುಕೊಂಡೆ. ಹುಟ್ಟಿದ ಮೇಲೆ ಇದೇ ಮೊದಲು. ತನುಜ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ತುಂಡು ಕರಗುವ ತನಕ ಇಟ್ಟುಕೊಂಡಿದ್ದೆ. ಜುಂ ಎನ್ನುವುದು ವಾಸಿಯಾಗಲು ಒಂದು ತಿಂಗಳ ಪೇಸ್ಟ್ ಎಂದಿದ್ದರು ಆ ಡಾಕ್ಟರಮ್ಮ. ನೋಡಿದಿರಾ? ಬಿಳುಪೂ ಬಂತು, ನೋವೂ ಹೋಯಿತು. ಎಷ್ಟು ಖುಷಿ ಎಂದರೆ ಹದಿನಾರನೇ ರೂಮಿನ ಹಾಸಿಗೆಯ ಮೇಲೆ ಚಪ್ಪಲಿ ಬಿಟ್ಟು ಕುಣಿದೆ. ಆಮೇಲೆ ಅದೇ ಹಾಸಿಗೆ ನಾವೇ ಹಾಸಿದೆವು.

ನವೆಂಬರ್ 1, ಶನಿವಾರ. ಡೆಸ್ಕ್‌ನಿಂದ

ಡೆಸ್ಕ್‌ನಿಂದ! ಈ ಪದ ಬರೆಯಲೆಂದೇ ಡೈರಿ ತಂದಿದ್ದೇನೆ.

ನರೇಂದ್ರ ಸರ್ "ಎಲ್ಲಿ, ನಗು" ಎಂದರು. ನಕ್ಕೆ. ಹುಬ್ಬೇರಿಸಿದರು. "ವೆರಿ ಗುಡ್. ಯಾವ ಡಾಕ್ಟ್ರು?" ಮನೆಮದ್ದು ಸರ್ ಎಂದೆ. ಸುಳ್ಳೇನಲ್ಲವಲ್ಲ.

ರಾಜ್ಯೋತ್ಸವದ ರಜ, ರೂಮೆಲ್ಲ ಫುಲ್. ಕಳವಾರದ ಕಡೆಯಿಂದ ಬೆಟ್ಟ ಹತ್ತಿ ಇಳಿದವರು ಬೆವರಿಕೊಂಡು ಬರುತ್ತಿದ್ದಾರೆ. ಎಲ್ಲರಿಗೂ ಹಲ್ಲು ತೋರಿಸಿ ನಕ್ಕೆ. ಒಬ್ಬ ಅಜ್ಜಿ ಕೆನ್ನೆ ಮುಟ್ಟಿ, "ಲಕ್ಷಣವಾಗಿದ್ದೀಯ ಕಣೇ ತಾಯಿ," ಎಂದರು. ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಹೆಣ್ಣು ನೋಡಲು ಬಂದವರೂ ಹೇಳಿರಲಿಲ್ಲ.

ನವೆಂಬರ್ 2

ತನುಜ ಊಟದ ಹೊತ್ತಿಗೆ ಹಿಂದೆ ಬಿದ್ದಳು. "ಏನ್ ಹಾಕ್ದೆ ಹೇಳಕ್ಕ. ನನ್ನನ್ನೂ ಎಳ್ಕೊ ಅಂದಿದ್ನಲ್ಲ." ಹೇಳಿದೆ. ಹೇಳಿದ್ದೇನು, ಬಾಟಲಿಯಲ್ಲಿ ಉಳಿದದ್ದನ್ನು, ಒಂದು ಪೊಟ್ಟಣ ಪುಡಿಯನ್ನು ಕೊಟ್ಟೇ ಬಿಟ್ಟೆ. ಹೇಗೆ ಎಂದು ತಿಳಿಸಿದೆ.

"ಉರೀತದಾ ಅಕ್ಕ?"

"ಉರಿಯುತ್ತೆ. ಹಲ್ಲು ಕಚ್ಚಿ ತಡ್ಕೋಬೇಕು. ಆಮೇಲೆ ಒಂದು ದಿನ ನೋವು ತಾನಾಗೇ ನಿಲ್ಲುತ್ತೆ. ನಿಂತ್ರೆ ಕೆಲಸ ಆಯ್ತು ಅಂತ. ಅಲ್ಲಿ ತನಕ ಬಿಡಬಾರದು."

ಸ್ಟಾಫ್ ರೂಮಿನಲ್ಲಿ ನಾಲ್ಕು ಜನರ ಮುಂದೆ ಮಾಡಲು ನಾಚಿಕೆಯಂತೆ. ರಜ ಸಿಕ್ಕಿದಾಗ ಊರಿಗೆ ಹೋಗಿ ಮಾಡುತ್ತಾಳಂತೆ. ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು, ಹುಚ್ಚಿ. ಯಾರಿಗಾದರೂ ಏನಾದರೂ ಕೊಡುವ ಸ್ಥಿತಿಗೆ ನಾನೂ ಬಂದೆನಲ್ಲ ಎಂದು ಹೆಮ್ಮೆಯಾಯಿತು.

ನವೆಂಬರ್ 9, ಭಾನುವಾರ

ಹಲ್ಲಿನ ಮೇಲೆ ನಾಲಿಗೆ ಆಡಿಸಿದರೆ ಒರಟು. ಸುಣ್ಣ ಬಳಿದ ಗೋಡೆಯ ಹಾಗೆ. ಹೊಳಪು ಇತ್ತಲ್ಲ, ಎಲ್ಲಿ ಹೋಯಿತು? ಉಗುರಿನಿಂದ ಕೆರೆದೆ, ಉಗುರಿಗೆ ಬಿಳಿ ಹಿಟ್ಟು ಬಂತು. ಪೇಸ್ಟ್ ಇರಬೇಕು.

ನವೆಂಬರ್ 11

ಪೇಸ್ಟ್ ಅಲ್ಲ.

ಕನ್ನಡಿಯನ್ನು ಕಿಟಕಿಯ ಹತ್ತಿರ ತಂದು ನೋಡಿದೆ. ಹಲ್ಲಿನ ತುದಿ ತೆಳ್ಳಗಾಗಿ ಆ ಕಡೆಯ ಬೆಳಕು ಕಾಣುತ್ತಿದೆ. ಮೇಲಿನ ಬಲಗಡೆಯದು ಬಿಳಿ ಅಲ್ಲ ಈಗ, ಬೂದಿ ಬಣ್ಣ. ಒಳಗಿನಿಂದ ಬೂದಿ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಅದರ ಮೇಲಿನ ಒಸಡಿನಲ್ಲಿ ಒಂದು ಗುಳ್ಳೆ, ಒತ್ತಿದರೂ ನೋಯುವುದಿಲ್ಲ. ಡೆಸ್ಕಿನಲ್ಲಿ ತುಟಿ ಎಳೆದುಕೊಂಡು ನಕ್ಕೆ. ನರೇಂದ್ರ ಸರ್ ದೂರದಿಂದ ನೋಡುತ್ತಿದ್ದರು.

ನೋವು ಇಲ್ಲವಲ್ಲ. ನೋವಿದ್ದರೆ ತಾನೆ ಹೆದರಬೇಕು?

ನವೆಂಬರ್ 15, ಶನಿವಾರ

ಇನ್ನೊಂದು ಬೆಳೆ ಮುಗಿದು ಇವತ್ತು ಮತ್ತೆ ಹುಳದ ಮನೆ ತೊಳೆಯುವ ದಿನ. ಆ ವಾಸನೆಗೆ ದುಪಟ್ಟಾ ಮೂಗಿಗೆ ಒತ್ತಿಕೊಂಡೆ.

ಪಕ್ಕದ ತೋಟದ ಆವುಲಪ್ಪನವರು ಬೇಲಿಯ ಆಚೆ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಅವರ ಹುಳು ಅಷ್ಟೂ ಹೋಯಿತಂತೆ. ಚಾಕಿಯ ಮರಿ ಹುಳು ಹೇಳಿದ್ದಕ್ಕಿಂತ ಮೊದಲೇ ಬಂತು ಎಂದು, ಬೆಳಿಗ್ಗೆ ಔಷಧಿ ಹೊಡೆದು ಸಂಜೆಯೇ ಹುಳು ಬಿಟ್ಟರಂತೆ.

ಅತ್ತೆ ಒಳಗೆ ಬಂದು ಬೈಯುತ್ತಿದ್ದರು. "ಬುದ್ಧಿ ಬೇಡವಾ? ವಾಸ್ನೆ ಪೂರ್ತಿ ಹೋದ ಮೇಲೆ ತಾನೆ ಹುಳ ಬಿಡೋದು? ಕಿಟಕಿ ತೆಗೆದು ಮಡಗೋದು ಮತ್ಯಾಕೆ, ಗಾಳಿಗೆ ಕೂತ್ಕಳಕ್ಕಾ? ಆ ನೀರು ಇರೋ ಕಡೆ ಯಾವ ಜೀವ ಉಳೀತದಮ್ಮ!"

ಪೊರಕೆ ಹಿಡಿದು ನಿಂತೇ ಇದ್ದೆ. ಹುಳು ಆ ನೀರಿನಲ್ಲಿ ಮಲಗುವುದೇ ಇಲ್ಲ. ಅದು ಹೋದ ಮೇಲೆ ಬರುತ್ತದೆ. ಇಷ್ಟು ವರ್ಷ ಈ ಕೈಯಿಂದಲೇ ಕಿಟಕಿ ತೆಗೆದಿದ್ದೇನೆ, ಒಣಗಲಿ ಎಂದುಕೊಂಡು. ಆ ನೀರು ಇರುವುದೇ ಕೊಲ್ಲುವುದಕ್ಕೆ.

ಅತ್ತೆಗೆ ಹೇಳಿಬಿಡಬೇಕು ಎನಿಸಿತು. ಪೊರಕೆ ಮೂಲೆಗಿಟ್ಟು ಹಿತ್ತಲಿಗೆ ಹೋದೆ.

ನವೆಂಬರ್ 17, ಸೋಮವಾರ. ಚಿಕ್ಕಬಳ್ಳಾಪುರ ಬಸ್‌ಸ್ಟ್ಯಾಂಡ್

ಡಾ. ಶರ್ವಾಣಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟ್ರೇ ಅಳತೆಗೆ ಬರದೆ ಎಲ್ಲಿ ಹೋಗಿದ್ದಿರಿ ಎಂದೂ ಕೇಳಲಿಲ್ಲ. ಒಂದು ಸಲ ನೋಡಿ, "ಏನು ಹಾಕಿದ್ರಿ?" ಎಂದರು. ಹೇಳಿದೆ. ಕೈಯಲ್ಲಿದ್ದ ಕನ್ನಡಿ ಕೆಳಗಿಟ್ಟರು.

ಆಮೇಲೆ ಯಾವುದೋ ಸ್ಪ್ರೇಯಿಂದ ಹತ್ತಿ ತಣ್ಣಗೆ ಮಾಡಿಕೊಂಡರು. "ಒಂದೊಂದು ಹಲ್ಲಿಗೆ ಇಡ್ತೀನಿ. ತಣ್ಣಗಾದ ತಕ್ಷಣ ಕೈ ಎತ್ತಿ."

ಕುರ್ಚಿಯ ಹಿಡಿಯ ಮೇಲೆ ಕೈ ಸಿದ್ಧ ಮಾಡಿಕೊಂಡು ಮಲಗಿದೆ. ಮೊದಲ ದಿನ ಅವರು ಗಾಳಿ ಊದಿದಾಗ ಹಾರಿದ್ದು ನೆನೆದು ಮೈ ಬಿಗಿ ಹಿಡಿದಿದ್ದೆ. ಫ್ಯಾನ್ ತಿರುಗುತ್ತಿತ್ತು. ಹೊರಗೆ ಯಾರೋ ಟೋಕನ್ ಕೂಗಿದರು. ಕಾದೆ. ಎಷ್ಟು ಹೊತ್ತಾದರೂ ಶುರುವೇ ಮಾಡುತ್ತಿಲ್ಲವಲ್ಲ ಎಂದು, "ಯಾವಾಗ ಇಡ್ತೀರ ಡಾಕ್ಟರ್?" ಎಂದೆ.

"ಎರಡಕ್ಕೂ ಇಟ್ಟು ಆಯ್ತು ಮಾಲಾ. ಎರಡೆರಡು ಸಲ."

ಮುಂದಿನ ಎರಡೂ ಸತ್ತಿವೆಯಂತೆ. ನರ ಸತ್ತು ಒಳಗೆ ಕೀವು ತುಂಬುತ್ತಿದೆ. ನೋವು ವಾಸಿಯಾಗಿ ನಿಂತದ್ದಲ್ಲ. ಪಕ್ಕದವು ಬದುಕಿವೆ, ಎಷ್ಟು ದಿನವೋ ಹೇಳಲಾಗದು. ಇವೆರಡನ್ನು ಉಳಿಸಲು ನೋಡುತ್ತಾರಂತೆ. ಮೇಲಿನ ಪದರವೇ ಇಲ್ಲ, ಕ್ಯಾಪ್ ಹಾಕಲು ಹಿಡಿತವಾದರೂ ಬೇಕಲ್ಲ ಎಂದರು. ಅಳು ಬಂತು. ಕುರ್ಚಿ ಹೋಯಿತಲ್ಲ ಎಂದಲ್ಲ. ನನ್ನ ಹಲ್ಲು. ಕಂದಾಗಿದ್ದರೂ ನನ್ನದಾಗಿತ್ತು, ನೋಯುತ್ತಿತ್ತು.

ಬಾಗಿಲ ತನಕ ಬಂದಾಗ ಕರೆದು ಕೇಳಿದರು, "ನಿಮ್ಮನ್ನ ನೋಡಿ ಇನ್ಯಾರಾದ್ರೂ ಹಾಕ್ಕೊಂಡ್ರಾ?"

ತನುಜ!

ಶನಿವಾರದಿಂದ ರಜ ಅವಳಿಗೆ. ಊರಲ್ಲಿದ್ದಾಳೆ.

ಅದೇ ದಿನ. ಮಂಚೇನಹಳ್ಳಿ ಬಸ್ಸಿನಲ್ಲಿ

ಸಿಕ್ಕಿದ ಬಸ್ಸು ಹತ್ತಿದೆ. ಫೋನ್ ಮಾಡುತ್ತಲೇ ಇದ್ದೇನೆ. ಈಗ ತಾನೆ ಎತ್ತಿದರು, ಅವಳಲ್ಲ, ಅವಳ ಅಮ್ಮ.

"ತನುಜಗೆ ಕೊಡಿ ಅಮ್ಮ, ಅರ್ಜೆಂಟು."

"ಅವ್ಳು ಮಾತಾಡಂಗಿಲ್ಲಮ್ಮ. ಬಾಯಾಗೆ ಹತ್ತಿ ಇಟ್ಕೊಂಡು ಕುಂತವ್ಳೆ, ನಿನ್ನೆಯಿಂದ ಇದೇ ಆಯ್ತು. ಕಣ್ಣಾಗೆ ನೀರು ಸುರೀತೈತೆ, ಬಿಡೇ ಅಂದ್ರೂ ಕೇಳ್ತಿಲ್ಲ."

"ತೆಗೀಲಿ! ಈಗಲೇ ಉಗೀಲಿ, ಬಾಯಿ ತೊಳೀಲಿ! ಹೇಳಿ ಅಮ್ಮ!"

"ಯಾರಮ್ಮ ನೀನು ತೆಗಿ ಅನ್ನಕ್ಕೆ? ಮಾಲಕ್ಕ ಹೇಳವ್ರಂತೆ, ನೋವು ನಿಲ್ಲೋಗಂಟ ಬಿಡಬಾರ್ದು ಅಂತ."

ನಾನೇ ಮಾಲಾ ಎಂದೆ. ಆ ಕಡೆಯಿಂದ ತನುಜ ಹತ್ತಿ ಕಚ್ಚಿದ ಬಾಯಲ್ಲೇ ಏನೋ ಅಂದಳು, ಅವಳ ಅಮ್ಮ ನನಗೆ ಹೇಳಿದರು, "ನೋವು ಇನ್ನೂ ನಿಂತಿಲ್ವಂತೆ ಕಣಮ್ಮ."